ಕಸ ಹೊಡೆಯುವ ಸಪ್ಪಳ

ಫೆಬ್ರುವರಿ 3, ಸೋಮವಾರ

ಮೊಣಕಾಲು ನೋವು ಇವತ್ತು ನಾನು ಏಳುವ ಮೊದಲೇ ಎದ್ದಿತ್ತು. ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ಕೂತೆ, ಅಷ್ಟರಲ್ಲಿ ಚಹಾ ಉಕ್ಕಿ ಸ್ಟವ್ ಮೇಲೆಲ್ಲ ಹರಿಯಿತು. ಒರೆಸಲಿಲ್ಲ. ಸಂಜೆ ಒರೆಸಿದರಾಯಿತು. ಒಬ್ಬಳೇ ಇರುವುದರ ಸುಖ ಇದೊಂದೇ – ಕೇಳುವವರಿಲ್ಲ.

ಮಾನ್ವಿ ಬಸ್ಸಿನಲ್ಲಿ ಸೀಟಿಲ್ಲ. ಕಲ್ಲೂರಿನವರೆಗೂ ನಿಂತೇ. ಅಲ್ಲಿ ನನ್ನ ಪಾಲಿನ ಮನೆಗಳು. ಹೋಗುವುದು, ಬಿಪಿ ನೋಡುವುದು, ಮಾತ್ರೆ ನುಂಗಿದರೋ ಇಲ್ಲವೋ ಕೇಳುವುದು, ಬಚ್ಚಲಲ್ಲಿ ಪಾಚಿ ಇದ್ದರೆ ಬೈಯುವುದು. ‘ವಯಸ್ಸಾದವರು ತಮ್ಮ ಮನೆಯಲ್ಲೇ, ತಮ್ಮ ಓಣಿಯಲ್ಲೇ ಇರಲಿ’ ಅಂತ ನಮ್ಮ ಸಂಸ್ಥೆಯ ಬೋರ್ಡಿನ ಮೇಲೆ ಬರೆದಿದೆ. ಬೋರ್ಡು ಬರೆದವನು ಕಲ್ಲೂರಿನವರೆಗೆ ನಿಂತುಕೊಂಡು ಹೋಗಿರಲಿಕ್ಕಿಲ್ಲ.

ಮಲ್ಲಯ್ಯ ಮುದುಕ ನನ್ನ ಮುಖ ನೋಡಿ, “ನನಗ್ಯಾಕ ಬಿಪಿ ಪಟ್ಟಿ ಕಟ್ತಿ? ನಿನ್ನ ಕೈಗೇ ಕಟ್ಟಿಗೋ ಬೇ, ನನಗಿಂತ ನೀನೇ ಸೊರಗೀದಿ” ಅಂದ. ನಕ್ಕೆ. ವಾಪಸ್ ಬರುವಾಗ ಬಸ್ಸಿನಲ್ಲಿ ನಿದ್ದೆ ಹೋಗಿ, ಕಂಡಕ್ಟರ್ ಎಬ್ಬಿಸಿದ.

ಸ್ಟವ್ ಒರೆಸಲಿಲ್ಲ.


ಫೆಬ್ರುವರಿ 6, ಗುರುವಾರ

ಗುರುವಾರ ಅಂದರೆ ದೇವದುರ್ಗ. ದೇವದುರ್ಗ ಅಂದರೆ ಆದೆಮ್ಮನ ಓಣಿ.

ಓಣಿಗೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ ಆಕೆ ಎದ್ದಿದ್ದಾಳೆ ಅಂತ. ಬಾಗಿಲ ಮುಂದೆ ಅಷ್ಟು ದೊಡ್ಡ ರಂಗೋಲಿ. ಎಪ್ಪತ್ತು ದಾಟಿದೆ. ಹಾಸ್ಟೆಲ್‌ನಲ್ಲಿ ಅಡುಗೆ ಮಾಡಿಕೊಂಡಿದ್ದವಳು, ಆ ಸಂಬಳದಲ್ಲೇ ಎರಡು ಕೋಣೆ ಕಟ್ಟಿಸಿದಳು. ಗಂಡ ಹೋಗಿ ಎಷ್ಟೋ ಕಾಲವಾಯಿತು, ಮಕ್ಕಳಿಲ್ಲ. ಮಾತಾಡಿದರೆ ಇನ್ನೂ ಹಾಸ್ಟೆಲ್ ಹುಡುಗರಿಗೆಲ್ಲ ಕೇಳಿಸಬೇಕು, ಅಂಥ ಗಂಟಲು. ಮೊದಲ ದಿನ ನನ್ನ ಜಾತಿ ಕೇಳಿದಳು. ಹೇಳಿದೆ. “ಹಂಗಾದ್ರ ಸಕ್ರಿ ಜಾಸ್ತಿ ಹಾಕ್ತೀನಿ, ನಿಮ್ಮ ಮಂದಿ ಭಾಷಣಾ ಮಾಡಿ ಮಾಡಿ ಬಾಯಿ ಕಹಿ ಮಾಡ್ಕೊಂಡಿರ್ತೀರಿ” ಅಂದು ತನ್ನ ಲೋಟದಲ್ಲೇ ಚಹಾ ಕೊಟ್ಟಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ರಂಗೋಲಿಯ ಗುರುತು ನಾನು ಮಾಡಿದ್ದು. ಎದುರು ಮನೆ ಅನ್ನಪೂರ್ಣ, ಪಕ್ಕದ ಮನೆ ಸುಗ್ರಾ ಬೇಗಂ – ಇಬ್ಬರಿಗೂ ಹೇಳಿಟ್ಟಿದ್ದೇನೆ. ಬಿಸಿಲು ಏರುವಷ್ಟರಲ್ಲಿ ಆದೆಮ್ಮನ ಬಾಗಿಲಿಗೆ ರಂಗೋಲಿ ಬೀಳದಿದ್ದರೆ ಬಾಗಿಲು ಬಡಿಯಬೇಕು, ನನಗೆ ಫೋನ್ ಮಾಡಬೇಕು. ಕ್ಯಾಮೆರಾ ಬೇಡ, ಮಷೀನು ಬೇಡ. ಹೋದ ಮೀಟಿಂಗ್‌ನಲ್ಲಿ ನಮ್ಮ ಸಂಸ್ಥೆಯ ಸರ್ ಇದನ್ನು ಎಲ್ಲರ ಮುಂದೆ ಹೊಗಳಿದರು. ಚಪ್ಪಾಳೆ ಬಿತ್ತು. ಸುಳ್ಳು ಯಾಕೆ, ಖುಷಿಯಾಗಿತ್ತು.

ಆದೆಮ್ಮನಿಗೆ ಇದು ತಮಾಷೆ. “ನಾ ಬದುಕೀನೋ ಸತ್ತೀನೋ ಅಂತ ದಿನಾ ನೆಲದ ಮ್ಯಾಲ ಬರದು ತೋರಸ್ಬೇಕಾತು ನೋಡು.”

ಮಾನ್ವಿಯಲ್ಲಿ ಆಕೆಯ ತಂಗಿಯ ಮಗ ಅಂಬರೇಶ ಇದ್ದಾನೆ. ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಒಳ್ಳೆಯವನು. ನಾನು ಕೂತಿದ್ದಾಗಲೇ ಫೋನ್ ಮಾಡಿದ – ಬಂದುಬಿಡು ದೊಡ್ಡವ್ವಾ, ಇಲ್ಲೇ ಇರು ಅಂತ. ಈಕೆ ಹ್ಞೂಂ ಹ್ಞೂಂ ಅಂದು ಇಟ್ಟಳು.

“ಹೋಗಬಹುದಲ್ರಿ ಯವ್ವಾ?”

“ಅವನ ಮನಿ ಚಲೋ ಅದ. ಆದ್ರ ಅದು ಅವನ ಮನಿ.”


ಫೆಬ್ರುವರಿ 9, ಭಾನುವಾರ

ಬಟ್ಟೆ ಒಗೆದೆ. ಒಣಗಿಸಲು ಮೆಟ್ಟಿಲು ಹತ್ತಲಾರದೆ ಕೋಣೆಯಲ್ಲೇ ಹಗ್ಗ ಕಟ್ಟಿದೆ. ಈಗ ಕೋಣೆ ಧೋಬಿಯ ಅಂಗಡಿ.

ತಮ್ಮ ಗೌತಮನ ಫೋನ್. ಯರಗೇರಾಕ್ಕೆ ಬಂದಿರು ಅಕ್ಕಾ, ಮೇಲಿನ ರೂಮು ಖಾಲಿ ಅದ, ಯಾಕ ಒಬ್ಬಾಕಿ ಅಲ್ಲಿ ಒದ್ದಾಡ್ತಿ. ಪ್ರತಿ ಭಾನುವಾರದ ಮಾತು. “ಕಾಲು ಗಟ್ಟಿ ಇರೋತನಕ ನನ್ನ ಮನಿ ನನಗಿರ್ಲಿ” ಅಂದೆ. ನನ್ನದೂ ಪ್ರತಿ ಭಾನುವಾರದ ಮಾತು.

ಸಂಜೆ ಆದೆಮ್ಮನ ಫೋನ್. ಗಬ್ಬೂರಿನಲ್ಲಿ ಮೈದುನ ಗದ್ದೆಪ್ಪ ತೀರಿಕೊಂಡನಂತೆ, ಮಣ್ಣಿಗೆ ಹೋಗಿ ಬಂದಳಂತೆ. ಊಟ ಮಾಡಿದಿರಾ, ಮಾತ್ರೆ ತೆಗೆದುಕೊಂಡಿರಾ ಅಂತ ಕೇಳಿದೆ. ಬೇರೇನೂ ಕೇಳಲಿಲ್ಲ. ಬೇರೇನು ಕೇಳಬೇಕು ಅಂತ ಹೊಳೆಯಲೂ ಇಲ್ಲ.


ಫೆಬ್ರುವರಿ 13, ಗುರುವಾರ. ಮಧ್ಯಾಹ್ನ, ಆಸ್ಪತ್ರೆ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಆದೆಮ್ಮ ನಿನ್ನೆ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ. ಬಲಗೈ ಮಣಿಕಟ್ಟು ಮುರಿದಿದೆ. ಸೊಂಟಕ್ಕೆ ಪೆಟ್ಟು, ಏಳಲು ಆಗಿಲ್ಲ. ಒಳಗಿಂದ ಅಗುಳಿ. ಹಿಂದೆ ಹಿಟ್ಟಿನ ಗಿರಣಿ – ಕೂಗಿದರೆ ಯಾರಿಗೆ ಕೇಳಬೇಕು. ಗಿರಣಿ ನಿಲ್ಲುವಷ್ಟರಲ್ಲಿ ಗಂಟಲು ಬಿದ್ದುಹೋಗಿತ್ತಂತೆ. ನಿನ್ನೆ ಇಡೀ ದಿನ, ರಾತ್ರಿಯೆಲ್ಲ, ತಣ್ಣನೆಯ ಕಲ್ಲಿನ ಮೇಲೆ. ಸಿಕ್ಕಿದ್ದು ಇವತ್ತು ಬೆಳಿಗ್ಗೆ.

ರಂಗೋಲಿ? ಇರಲಿಲ್ಲ. ಸೋಮವಾರವೂ ಇರಲಿಲ್ಲ, ಮಂಗಳವಾರವೂ ಇರಲಿಲ್ಲ. ಮೈದುನ ಸತ್ತದ್ದಕ್ಕೆ ಸೂತಕ. ಸೂತಕ ಕಳೆಯುವವರೆಗೆ ಬಾಗಿಲಿಗೆ ರಂಗೋಲಿ ಹಾಕುವುದಿಲ್ಲ. ಅನ್ನಪೂರ್ಣ ಓಣಿಗೆಲ್ಲ ಹೇಳಿಬಿಟ್ಟಿದ್ದಳು, ಗಾಬರಿ ಆಗಬ್ಯಾಡ್ರಿ, ಸೂತಕ ಹಿಡದದ ಅಂತ. ನಿನ್ನೆ ಸುಗ್ರಾ ಬೇಗಂ ಕೇಳಿದರಂತೆ, ಅವರಿಗೂ ಅನ್ನಪೂರ್ಣ ಅದೇ ಹೇಳಿದ್ದಾಳೆ. ಯಾರೂ ಬಾಗಿಲು ಬಡಿಯಲಿಲ್ಲ. ಸತ್ತವರಿಗೆ ಮರ್ಯಾದೆ ಕೊಟ್ಟರು.

ಇವತ್ತು ಬೆಳಿಗ್ಗೆ ಸುಗ್ರಾ ಬೇಗಂ ತಮ್ಮ ಬಾಗಿಲು ಗುಡಿಸುತ್ತ ಪಕ್ಕಕ್ಕೆ ನೋಡಿದ್ದಾರೆ. ಆದೆಮ್ಮನ ಕಟ್ಟೆಯ ತುಂಬ ಬೇವಿನ ಎಲೆ. ಅನ್ನಪೂರ್ಣಳನ್ನು ಕರೆದು ಕೇಳಿದರಂತೆ – “ಸೂತಕದಾಗ ರಂಗೋಲಿ ಹಾಕಂಗಿಲ್ಲ, ಸರಿ. ಕಸಾನೂ ಹೊಡಿಯಂಗಿಲ್ಲೇನ್ರಿ ನಿಮ್ಮಂದ್ಯಾಗ?”

ಅನ್ನಪೂರ್ಣ ಕೈಯಲ್ಲಿದ್ದ ಕೊಡ ಅಲ್ಲೇ ಇಟ್ಟು ಓಡಿದಳಂತೆ. ಗಿರಣಿಯವರು ಬಂದು ಬಾಗಿಲು ಒಡೆದರು.

ಅಪ್ಪ ಬುದ್ಧವಂದನೆಗೆ ಹೋಗತೊಡಗಿದ ಮೇಲೆ ನಮ್ಮ ಮನೆಯಲ್ಲಿ ಸೂತಕ ಗೀತಕ ಎಲ್ಲ ನಿಂತವು. ಬಾಗಿಲಿಗೆ ರಂಗೋಲಿಯೂ ಇಲ್ಲ. ನನಗೆ ಗೊತ್ತಿಲ್ಲದ್ದರ ಮೇಲೆ ಒಂದು ಜೀವ ಕಟ್ಟಿಟ್ಟೆ, ಚಪ್ಪಾಳೆ ಬೇರೆ ಹೊಡೆಸಿಕೊಂಡೆ. ಭಾನುವಾರ ಆಕೆಯೇ ಫೋನ್ ಮಾಡಿ ಹೇಳಿದ್ದಳಲ್ಲ...

ಆದೆಮ್ಮ ಕಣ್ಣು ತೆರೆದು ನನ್ನನ್ನು ನೋಡಿ ಮೊದಲು ಅಂದದ್ದು – “ಬಾಗಲಾ ಮುರದಾರಂತ. ಹೊಸದು ಹಚ್ಚಸ್ಬೇಕು.”


ಫೆಬ್ರುವರಿ 17, ಸೋಮವಾರ

ಡಿಸ್ಚಾರ್ಜ್. ಕೈಗೆ ಪ್ಲಾಸ್ಟರ್.

ಅಂಬರೇಶ ವ್ಯಾನ್ ತಂದಿದ್ದ. ಸೀಟಿನ ಮೇಲೆ ಗಾದಿ ಹಾಸಿದ್ದ. ಅವನ ಹೆಂಡತಿ ಸೌಭಾಗ್ಯ ಗಂಜಿ ಮಾಡಿ ತಂದಿದ್ದಳು. ಇಂಥವರನ್ನು ಬೈಯಲೂ ಆಗುವುದಿಲ್ಲ. ಅಂಬರೇಶ ಅಳುತ್ತಿದ್ದ. “ಮೇಡಂ, ನೀವರ ಹೇಳ್ರಿ. ಇನ್ ಮ್ಯಾಲ ಒಬ್ಬಾಕಿ ಇರಾಕ ಆಗಂಗಿಲ್ಲ ಅಂತ ಹೇಳ್ರಿ. ನಿಮ್ಮ ಮಾತು ಕೇಳ್ತಾಳ.”

ಆದೆಮ್ಮ ನನ್ನ ಕಡೆ ನೋಡಿದಳು. “ಉಮಾ, ನೀ ಹೇಳು ಇವನಿಗೆ.”

ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬೆಳಿಗ್ಗೆಯೇ ಸರ್ ಫೋನ್ ಮಾಡಿ ಹೇಳಿದ್ದರು – ಮನೆಯವರು ಕರೆಯುತ್ತಿದ್ದರೆ ಕಳಿಸಿಬಿಡಿ ಉಮಾದೇವಿ, ಇನ್ನೊಮ್ಮೆ ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ. ನನ್ನ ಕಾಲು ನೋಯುತ್ತಿತ್ತು.

“ಹೋಗಿ ಬರ್ರಿ ಯವ್ವಾ” ಅಂದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿದಳು. ವ್ಯಾನ್ ಹೋದ ಮೇಲೆ, ಗುರುವಾರ ಒಂದು ಮನೆ ಕಡಿಮೆಯಾಯಿತು ಅನ್ನಿಸಿತು. ಹೌದು, ಹಾಗೇ ಅನ್ನಿಸಿತು. ಹಗುರವಾಯಿತು. ಇದನ್ನು ಯಾರು ಓದಬೇಕಾಗಿದೆ.


ಫೆಬ್ರುವರಿ 20, ಗುರುವಾರ

ಆ ಓಣಿಗೆ ಹೋಗುವ ಕೆಲಸವಿರಲಿಲ್ಲ. ಹೋದೆ.

ಹೊಸ ಬಾಗಿಲು, ಹೊಸ ಬೀಗ. ಮುಂದೆ ಕಸವಿಲ್ಲ. ಸುಗ್ರಾ ಬೇಗಂ ತಮ್ಮ ಬಾಗಿಲ ಜೊತೆ ಅದನ್ನೂ ಗುಡಿಸುತ್ತಾರಂತೆ.

“ಯಾಕ ಆಪಾ, ಮನ್ಯಾಗ ಯಾರೂ ಇಲ್ಲಲ್ಲ.”

“ಕಸಾ ಬಿದ್ರ ಗೋಡೌನ್ ಕಂಡಂಗ ಕಾಣ್ತದ ಅಮ್ಮಾ. ಬರ್ತಾರ ಅವ್ರು.”

ಅನ್ನಪೂರ್ಣ ಹೊರಗೆ ಬರಲಿಲ್ಲ. ಕಿಟಕಿಯಲ್ಲಿ ನಿಂತಿದ್ದಳು. ಆಕೆಯನ್ನು ಕರೆದು ತಪ್ಪು ನಿಂದಲ್ಲ ಅನ್ನಬೇಕಿತ್ತು. ಬಸ್ಸಿಗೆ ಹೊತ್ತಾಯಿತು ಅಂತ ನೆಪ ಮಾಡಿಕೊಂಡು ಬಂದೆ.


ಮಾರ್ಚ್ 2, ಭಾನುವಾರ

ಜ್ವರ. ಎಷ್ಟು ದಿನ ಮಲಗಿದ್ದೆನೋ, ಬುಧವಾರವೋ ಗುರುವಾರವೋ ಶುರುವಾದದ್ದು. ಆಫೀಸಿಗೆ ಮೆಸೇಜ್ ಹಾಕಿದ್ದೆ, ರಜೆ ಅಂತ. ‘ಓಕೆ’ ಅಂತ ಬಂತು. ಒಂದು ಹೆಬ್ಬೆರಳಿನ ಚಿತ್ರ.

ನೀರಿಗೆ ಎದ್ದಾಗ ತಲೆ ತಿರುಗಿ ಗೋಡೆ ಹಿಡಿದು ಕೂತೆ. ಮೇಲಿನಿಂದ ಓನರ್ ಮನೆಯವರು ಇಳಿಯುವ ಸದ್ದು, ಗಾಡಿ ಸ್ಟಾರ್ಟ್ ಆಗುವ ಸದ್ದು, ತರಕಾರಿಯವನ ಕೂಗು... ಎಲ್ಲರೂ ನನ್ನ ಬಾಗಿಲ ಮುಂದೆಯೇ ಹೋದರು. ಕೂಗಬಹುದಿತ್ತು. ನಾಚಿಕೆಯಾಯಿತು. ಇವತ್ತು ಬಾಗಿಲು ತೆರೆದಾಗ ಓನರ್ ಹೆಂಡತಿ, “ಊರಿಗೆ ಹೋಗೀರಿ ಅಂತ ಮಾಡಿದ್ದೆ” ಅಂದಳು.

ಭಯವಾಗಿತ್ತು. ಸುತ್ತಿ ಬಳಸಿ ಬರೆಯುವುದು ಬೇಡ – ಬಹಳ ಭಯವಾಗಿತ್ತು. ಆದರೆ ಆ ಭಯದಲ್ಲೂ ಒಮ್ಮೆಯೂ ಯರಗೇರಾಕ್ಕೆ ಹೋಗಬೇಕು ಅನ್ನಿಸಲಿಲ್ಲ. ಯಾರಾದರೂ ಒಬ್ಬರು ಬಂದು ಬಾಗಿಲು ಬಡಿಯಲಿ ಅನ್ನಿಸಿತು. ಅಷ್ಟೇ ಸಾಕಿತ್ತು.

ಗೌತಮನ ಫೋನ್ ಬಂತು, ಭಾನುವಾರವಲ್ಲವೇ. ಜ್ವರದ ವಿಷಯ ಹೇಳಲಿಲ್ಲ. ಹೇಳಿದರೆ ಕರೆದುಕೊಂಡು ಹೋಗಿಬಿಡುತ್ತಾನೆ. ಫೋನ್ ಇಟ್ಟ ಮೇಲೆ ಹೊಳೆಯಿತು. ನಾನು ಹೋಗಲೊಲ್ಲದಂಥ ಕಡೆಗೆ ಆದೆಮ್ಮನನ್ನು ಕಳಿಸಿಬಿಟ್ಟಿದ್ದೇನೆ.


ಮಾರ್ಚ್ 7, ಶುಕ್ರವಾರ

ಕಲ್ಲೂರು ಮುಗಿಸಿ ಮಾನ್ವಿಗೆ ಹೋದೆ. ಕೆಲಸದ ಮೇಲಲ್ಲ, ನನ್ನ ಜೀವ ತಡೆಯದೆ.

ಅಂಬರೇಶನ ಮನೆ ಚೊಕ್ಕವಾಗಿದೆ. ಆದೆಮ್ಮನಿಗೆ ಫ್ಯಾನ್ ಕೆಳಗೆ ಮಂಚ, ಹೊಸ ನೈಟಿ, ಪಕ್ಕದಲ್ಲಿ ಮೋಸಂಬಿ. ನೈಟಿ! ಇಳಕಲ್ ಸೀರೆ ಬಿಟ್ಟು ಬೇರೆ ಉಟ್ಟದ್ದು ನಾನು ಕಂಡಿಲ್ಲ. ನನ್ನನ್ನು ನೋಡಿ ಏಳಲು ಹೋದಳು. ಅಡುಗೆಮನೆಯಿಂದ ಸೌಭಾಗ್ಯ, “ಕುಂದ್ರು ದೊಡ್ಡವ್ವಾ, ಕುಂದ್ರು” ಅಂತ ಓಡಿಬಂದಳು. ಕೂತಳು.

ಧ್ವನಿ ಸಣ್ಣಗಾಗಿದೆ. ಹಾಸ್ಟೆಲ್ ಗಂಟಲು ಇಲ್ಲ. ಚಹಾ ಬಂದಾಗ ಲೋಟ ಹಿಡಿಯಲು ಎಡಗೈ ಚಾಚಿದಳು, ಸೌಭಾಗ್ಯ ತಾನೇ ಬಾಯಿಗೆ ಹಿಡಿದಳು. ಪ್ರೀತಿಯಿಂದಲೇ ಹಿಡಿದಳು. ನೋಡಲಾಗಲಿಲ್ಲ.

ಸೌಭಾಗ್ಯ ಒಳಗೆ ಹೋದ ಮೇಲೆ ಕೇಳಿದೆ, “ನಡೀತೀರೇನ್ರಿ ದಿನಾ?”

“ಎಲ್ಲಿಗಿ ನಡೀಲಿ? ಕುಂದ್ರು ಕುಂದ್ರು ಅಂತ ಅಂದು ಅಂದು ಕಾಲು ತಗೊಂಡಾರ.” ಆಮೇಲೆ ಮೋಸಂಬಿ ಅತ್ತ ತಳ್ಳಿ, “ಅಲ್ಲಿ ನನಗ ಆದೆಮ್ಮ ಅಂತಿದ್ರು. ಇಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ ನೋಡು.”

“ಸುಗ್ರಾ ಆಪಾ ನಿಮ್ಮ ಬಾಗಲಾ ದಿನಾ ಗುಡಸ್ತಾರ.”

ಮುಖ ನನ್ನ ಕಡೆ ತಿರುಗಿತು. ಅವತ್ತು ಗೋಡೆಗೆ ತಿರುಗಿದ್ದ ಮುಖ. “ಹೌದಾ?” ಅಂದಳು. “ಆಕಿ ಮೂಲ್ಯಾಗ ಕಸಾ ಬಿಡ್ತಾಳ. ನಾ ನೋಡಬೇಕು.”


ಮಾರ್ಚ್ 10, ಸೋಮವಾರ

ಸರ್‌ಗೆ ಹೇಳಿದೆ, ಆದೆಮ್ಮನನ್ನು ವಾಪಸ್ ಕರೆತರುತ್ತೇನೆ ಅಂತ. “ಜವಾಬ್ದಾರಿ ಯಾರದ್ದು?” ಅಂದರು. ಬೋರ್ಡು ತೋರಿಸಬೇಕು ಅನ್ನಿಸಿತು. “ನಂದು” ಅಂದೆ. ಹೊರಗೆ ಬಂದ ಮೇಲೆ ಅಂಜಿಕೆ ಹತ್ತಿತು. ಇನ್ನೊಂದು ಸಲ ಬಿದ್ದರೆ?

ಬಿದ್ದರೂ ಬೀಳಬಹುದು. ಬೀಳುವುದಿಲ್ಲ ಅಂತ ಹೇಳಲು ನಾನು ಯಾರು. ಬಿದ್ದದ್ದು ಬೇಗ ಗೊತ್ತಾಗಬೇಕು, ಅಷ್ಟು ಮಾತ್ರ ನನ್ನ ಕೈಲಿದೆ. ಅಂಬರೇಶನಿಗೆ ಫೋನ್ ಮಾಡಿದೆ. ಕಟ್ ಮಾಡಿದ.


ಮಾರ್ಚ್ 16, ಭಾನುವಾರ

ಸುಸ್ತು. ಆದರೂ ಬರೆಯಬೇಕು.

ಮಾನ್ವಿಗೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸಿನಿಂದ ಸುಗ್ರಾ ಬೇಗಂ ಇಳಿದರು, ಹಿಂದೆ ಅನ್ನಪೂರ್ಣ. ನಾನು ಹೋಗುತ್ತೇನೆ ಅಂತ ಬರೀ ಸುದ್ದಿ ಹೇಳಿದ್ದೆ, ಬನ್ನಿ ಅಂದಿರಲಿಲ್ಲ. ರಂಜಾನ್ ತಿಂಗಳು, ಆಪಾಗೆ ರೋಜಾ. ಆ ಬಿಸಿಲಲ್ಲಿ ಒಂದು ಹನಿ ನೀರಿಲ್ಲದೆ ಬಂದಿದ್ದಾರೆ.

ಅಂಬರೇಶ ಮೂರೂ ಜನರನ್ನು ನೋಡಿ ಗಾಬರಿಯಾದ. ಪಂಚಾಯ್ತಿಗೆ ಬಂದಿದ್ದಾರೆ ಅಂದುಕೊಂಡನೋ ಏನೋ. ಆಪಾ ನೇರ ಮಾತಿಗೇ ಇಳಿದರು. “ಬೇಟಾ, ಕರ್ಕೊಂಡು ಹೋಗಾಕ ಬಂದೀವಿ.”

“ಹೆಂಗ್ರಿ ಖಾಲಾ? ನಾಳಿ ಏನರ ಆದ್ರ ಮಂದಿ ನನ್ನ ಮಾರಿಗಿ ಉಗಳ್ತಾರ.”

ಮಂಚದ ಮೇಲಿನಿಂದ ಹಾಸ್ಟೆಲ್ ಗಂಟಲು ಬಂತು. “ಮಂದಿ ನಿನ್ನ ಮಾರಿಗಿ ಉಗಳಬಾರ್ದು ಅಂತ ನಾ ಇಲ್ಲಿ ಕುಂದ್ರಬೇಕೇನಲೇ?”

ಆಮೇಲೆ ಆಕೆಯೇ ದನಿ ಇಳಿಸಿ ಅಂದಳು – “ನೀ ಭಾಳ ಚಲೋ ನೋಡ್ಕೊಂಡಿ ಅಂಬರೇಶ. ನಿನ್ನ ಮ್ಯಾಲ ಸಿಟ್ಟಿಲ್ಲ. ನನಗ ನನ್ನ ಮನಿ ಬೇಕು.”

ಅನ್ನಪೂರ್ಣ ಆದೆಮ್ಮನ ಕಾಲ ಹತ್ತಿರ ಕೂತು ಅತ್ತಳು. ರಂಗೋಲಿ ಇಲ್ಲ ಅಂತ ನೋಡಿದೆ, ಸೂತಕ ಅಂದುಕೊಂಡೆ, ನೀನು ಕೂಗುತ್ತಿದ್ದಿ ಅಂತ ತಿಳೀಲಿಲ್ಲ... ಆದೆಮ್ಮ ಪ್ಲಾಸ್ಟರ್ ಕೈಯಿಂದಲೇ ಅವಳ ತಲೆ ತಟ್ಟಿದಳು. “ಅಳೂದು ಸಾಕು. ಪ್ಲಾಸ್ಟರ್ ತೊಯ್ತದ.” ನಾನೂ ಅವಳಿಗೆ ಅಂದೆ, ತಪ್ಪು ನಂದೂ ಅದ ಅನ್ನಪೂರ್ಣ, ಅಂತ. ತಡವಾಗಿಯಾದರೂ ಅಂದೆ.

ಮಾತು ಬಹಳ ಆಯಿತು. ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಒಳಗಿನ ಅಗುಳಿ ತೆಗೆಸುವುದು, ಒಂದು ಕೀಲಿ ಆಪಾ ಹತ್ತಿರ. ಅಂಬರೇಶ ಭಾನುವಾರ ಭಾನುವಾರ ವ್ಯಾನ್ ತರುವುದು. ಇನ್ನು ಗುರುತು? ರಂಗೋಲಿ ಬೇಡ ಅಂದೆ. ಹಾಗಾದರೆ ಏನು ಅಂತ ಎಲ್ಲರೂ ಯೋಚಿಸುತ್ತಿರುವಾಗ ಆಪಾ ಅಂದರು, “ಸಾವು ಮೌತ್ ಆಗ್ಲಿ, ಈದ್ ಆಗ್ಲಿ, ಕಸಾ ಅಂತೂ ಬೀಳ್ತದಲ್ಲ. ಕಸಬರಿಗಿ ಸಪ್ಳ ಬಂದ್ರ ಆತು. ಬರ್ಲಿಲ್ಲಂದ್ರ ನಾ ಕೀಲಿ ತಗೀತೀನಿ. ಯಾರನ್ನೂ ಕೇಳಂಗಿಲ್ಲ.”

ಅಂಬರೇಶನೇ ವ್ಯಾನ್‌ನಲ್ಲಿ ಎಲ್ಲರನ್ನೂ ದೇವದುರ್ಗಕ್ಕೆ ಬಿಟ್ಟ. ಸೌಭಾಗ್ಯ ಗಾದಿಯನ್ನೂ ಮೋಸಂಬಿಯನ್ನೂ ಹೇರಿ ಕಳಿಸಿದಳು. ನಾವು ಇಳಿಯುವಾಗ ಅವನು ನನಗೆ, “ನಿಮ್ಮನ್ನ ನಂಬೀನಿ ಮೇಡಂ” ಅಂದ. ಅದು ಬೈದ ಹಾಗೇ ಕೇಳಿಸಿತು.


ಮಾರ್ಚ್ 20, ಗುರುವಾರ

ಮೊದಲ ಬಸ್ಸಿಗೇ ಹೋದೆ. ಓಣಿಯ ತಿರುವಿನಲ್ಲೇ ಕೇಳಿಸಿತು – ಪರಕ್... ಪರಕ್... ಕಸಬರಿಗೆಯ ಸಪ್ಪಳ, ಬಿಟ್ಟು ಬಿಟ್ಟು. ಪ್ಲಾಸ್ಟರ್ ತೆಗೆದಿದ್ದಾರೆ, ಬಲಗೈ ಇನ್ನೂ ಬಾಗುವುದಿಲ್ಲ. ಎಡಗೈಯಲ್ಲಿ ಗುಡಿಸುತ್ತಿದ್ದಾಳೆ. ಕೂತುಕೊಂಡೇ, ಕಟ್ಟೆಯ ಅಂಚಿನಲ್ಲಿ. ಅನ್ನಪೂರ್ಣ ತನ್ನ ಬಾಗಿಲಲ್ಲಿ ಹಲ್ಲುಜ್ಜುವ ನೆಪದಲ್ಲಿ ನಿಂತಿದ್ದಾಳೆ. ಆಪಾ ಬಾಗಿಲು ಅರ್ಧ ತೆರೆದಿದೆ. ಯಾರೂ ನೋಡುತ್ತಿಲ್ಲ ಅನ್ನುವ ಹಾಗೆ ಓಣಿಗೆ ಓಣಿಯೇ ನೋಡುತ್ತಿತ್ತು. ಕಣ್ಣು ತುಂಬಿತು. ನಿದ್ದೆಗೆಟ್ಟದ್ದಕ್ಕೂ ಇರಬಹುದು.

ಬಿಪಿ ನೋಡಿದೆ. ಬಚ್ಚಲು ನೋಡಿದೆ, ಹಿಡಿಕೆ ಗಟ್ಟಿಯಾಗಿದೆ. ಚಹಾ ತಾನೇ ಮಾಡಿದಳು, ಅರ್ಧ ಚೆಲ್ಲಿದಳು. ನಾನು ಏಳಲಿಲ್ಲ. ಕುಂದ್ರು ಅನ್ನಲೂ ಇಲ್ಲ.

“ನಾ ಮಾನ್ವ್ಯಾಗ ಇದ್ದಾಗ ಜಡ್ಡಾಗಿ ಮಲಗಿದ್ದಿ ಅಲ್ಲ?” ಅಂದಳು.

“ಯಾರಂದ್ರು?”

“ಯಾರನ್ಬೇಕು? ಮಾರಿ ನೋಡಿದ್ರ ತಿಳೀತದ. ಯಾರು ಇದ್ರು ಮನ್ಯಾಗ?”

“ಯಾರೂ ಇಲ್ರಿ.”

“ಬಾಗಲಾ ಯಾರು ಬಡದ್ರು?”

ಲೋಟ ಕೆಳಗಿಟ್ಟೆ. ಬಸ್ಸಿಗೆ ಹೊತ್ತಾಯಿತು ಅಂದೆ. ಆಕೆ ಆಪಾರನ್ನು ಕೂಗಿದಳು, ಗಿರಣಿಯವರೆಗೂ ಕೇಳಿಸುವ ಹಾಗೆ. “ಸುಗ್ರಾ! ಈಕಿ ನಂಬರ್ ನಿನ್ನ ಫೋನಿನ್ಯಾಗ ಅದ ಇಲ್ಲ?”


ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ

ಫೋನ್. ಸುಗ್ರಾ ಆಪಾ ನಂಬರ್. ಏನಾಯಿತೋ ಅಂತ ಅಂಜಿದೆ. ಎತ್ತಿದರೆ ಆದೆಮ್ಮ.

“ಎದ್ದಿ?”

“ಎದ್ದೀನ್ರಿ.”

“ಕಸಾ ಹೊಡದಿ?”

“ಹೊಡೀತೀನ್ರಿ ಆಮ್ಯಾಲ –”

“ಆಮ್ಯಾಲ ಗೀಮ್ಯಾಲ ಇಲ್ಲ. ನಾ ಇಲ್ಲೇ ಲೈನಿನ್ಯಾಗ ಇರ್ತೀನಿ. ಸಪ್ಳ ಕೇಳ್ಬೇಕು ನನಗ.”

ಸ್ಪೀಕರ್ ಹಾಕಿ ಫೋನ್ ಮಂಚದ ಮೇಲಿಟ್ಟು ಎರಡು ಸಾಲು ಬರೆಯೋಣ ಅಂತ ಕೂತೆ. ನಾಲ್ಕು ದಿನದಿಂದ ಕೋಣೆ ಗುಡಿಸಿಲ್ಲ. ಸ್ಟವ್ ಕೂಡ ಹಾಗೇ ಇದೆ. ನಗು ಬರುತ್ತಿದೆ. ಆ ಕಡೆ ಆಪಾ ಏನೋ ಅನ್ನುತ್ತಿದ್ದಾರೆ, ಈಕೆ ‘ತಡಿ ತಡಿ, ಇನ್ನಾ ಸಪ್ಳ ಬರವಲ್ದು’ ಅನ್ನುತ್ತಿದ್ದಾಳೆ. ಈಗ ನನ್ನ ಹೆಸರು ಹಿಡಿದು ಕೂಗು. ಮೇಲಿನ ಮನೆಯವರಿಗೂ ಕೇಳಿಸಿರಬೇಕು.

ಬಂದೆ ಯವ್ವಾ, ಕಸಬರಿಗೆ ಎಲ್ಲಿಟ್ಟಿದ್ದೇನೋ –